ಎಣ್ಣಿ ಹಾಕೇನ್ರಿ ಅಂದಿದ್ದೆ

ನನ್ನ ಮಾಸ್ತರರಿಗೆ ನಿಮ್ಮ ಮಹಾದೇವಿಯ ಶರಣು, ಸಲಾಮು ಎರಡೂ.

ನೀವು ಹೋಗಿ ನಾಲ್ಕು ತಿಂಗಳಾಯಿತು. ಅಂಗಡಿಯ ಬಾಗಿಲು ತೆಗೆಯುವಾಗ ಈಗಲೂ ಒಳಗಿನಿಂದ ನಿಮ್ಮ ಕೆಮ್ಮು ಕೇಳಿಸಿದಂತಾಗುತ್ತದೆ. ಹದಿನಾಲ್ಕು ವರ್ಷ ನಿಮಗೆ ಬಂದ ಕಾಗದಗಳನ್ನೆಲ್ಲ ಓದಿ ಹೇಳಿದವಳು ನಾನು. ಕರೆಂಟು ಬಿಲ್ಲು, ಪುರಸಭೆಯ ನೋಟೀಸು, ನೆಂಟರ ಮನೆಯ ಲಗ್ನಪತ್ರಿಕೆ. ನೀವು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಿರಿ. ನಾನು ಓದಿದ್ದನ್ನು ಒಮ್ಮೆಯೂ ಅನುಮಾನಿಸಲಿಲ್ಲ. ಇವತ್ತು ನಿಮಗೇ ಒಂದು ಕಾಗದ ಬರೆಯುತ್ತಿದ್ದೇನೆ. ಓದಿ ಹೇಳಲು ಅಲ್ಲಿ ಯಾರಿದ್ದಾರೋ... ಯಾರಾದರೂ ಇದ್ದರೆ, ಅರ್ಧಕ್ಕೆ ನಿಲ್ಲಿಸಬೇಡಿ ಎಂದು ಅವರಿಗೆ ಹೇಳಿ.

ಮೊದಲ ದಿನ ನೀವು ನನ್ನ ಕೈಗೆ ಬಟ್ಟೆ ಕೊಡಲಿಲ್ಲ, ಹಳೆಯ ದಿನಪತ್ರಿಕೆ ಕೊಟ್ಟಿರಿ. ಸೂಜಿಗೆ ದಾರವೂ ಇರಲಿಲ್ಲ. “ಇದರ ಮ್ಯಾಲ ಸೀದಾ ಗೆರಿ ಹೊಡಿ” ಎಂದಿರಿ. ಪಿಯುಸಿ ಪಾಸಾದವಳು, ಹೊಸದಾಗಿ ಮದುವೆಯಾಗಿ ಸಿಂದಗಿಗೆ ಬಂದವಳು. ಇದೆಂಥ ಕಲಿಕೆ ಎಂದು ನನಗೆ ಒಳಗೊಳಗೇ ಸಿಟ್ಟು. ಹೊಲಿದ ಹಾಳೆಯನ್ನು ನೀವು ಬಾಗಿಲ ಬೆಳಕಿಗೆ ಹಿಡಿದಿರಿ. ತೂತುಗಳ ಸಾಲು ಸೊಟ್ಟಸೊಟ್ಟಾಗಿ ಓಡಿತ್ತು. “ಅವಸರ ಮಾಡೀದಿ ಮಗಳ. ಕೈಗಿಂತ ಮನಸ್ಸ ಮುಂದ ಓಡೇತಿ” ಎಂದಿರಿ. ಎಂಟು ದಿನ ಬರೀ ಕಾಗದ. ಒಂಬತ್ತನೆಯ ದಿನ ನಿಮ್ಮ ಸ್ವಂತ ಮಷಿನ್ನಿನ ಮುಂದೆ ಕೂಡಿಸಿದಿರಿ. ವಿಜಯಪುರದ ನಿಮ್ಮ ಉಸ್ತಾದರು ಕೊಟ್ಟ ಕಪ್ಪು ಮಷಿನ್. ಮೈಮೇಲಿನ ಬಂಗಾರದ ಬಣ್ಣದ ಬಳ್ಳಿ ಅರ್ಧ ಅಳಿಸಿತ್ತು. ಕಾಲಿನಿಂದ ತುಳಿಯುವ ಕಬ್ಬಿಣದ ಹಲಗೆ ಯಾವಾಗಲೋ ಸೀಳಿತ್ತಂತೆ. ಕಂಬಾರರು ಬೇವಿನ ಎಲೆಯಂಥ ಪಟ್ಟಿ ಬಡಿದು ಕೂಡಿಸಿದ್ದರು. ಅಂಗಡಿಯಲ್ಲಿ ಇನ್ನೊಂದು ಮಷಿನ್ ಇತ್ತು, ಆದರೆ ಇದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಪ್ರತಿ ಶುಕ್ರವಾರ ನಮಾಜಿಗೆ ಹೋಗುವ ಮುಂಚೆ ನೀವೇ ಅದಕ್ಕೆ ಎಣ್ಣೆ ಹಾಕಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಮುಸುಕು ಹೊದಿಸಿ ಹೋಗುತ್ತಿದ್ದಿರಿ. ಅಂಥದರ ಮುಂದೆ ನನ್ನನ್ನು ಕೂಡಿಸಿದಿರಿ. ಯಾಕೆ ಮಾಸ್ತರ? ನನ್ನಲ್ಲಿ ಏನು ಕಂಡಿದ್ದಿರಿ?

ಆ ಮೆಸೇಜು ಬಂದ ಮಧ್ಯಾಹ್ನ ನೀವು ಇಂಡಿ ಊರಿನ ವಕೀಲರೊಬ್ಬರ ಕರಿ ಕೋಟಿಗೆ ಅಸ್ತರ ಕೂಡಿಸುತ್ತಿದ್ದಿರಿ. ಅಂಗಡಿಯ ಫೋನು ನಿಮ್ಮ ಹೆಸರಿನದು, ಇರುತ್ತಿದ್ದದ್ದು ನನ್ನ ಕೈಯಲ್ಲಿ. ಗಿರಾಕಿಗಳು ಸೀರೆಯ ಮೇಲಿನ ಜಂಪರಿನ ಫೋಟೊ ಕಳಿಸಲಿ ಎಂದು ತೆಗೆದುಕೊಂಡದ್ದು. ತೆರೆದು ನೋಡಿದರೆ ಬಂಗಾರದ ಅಕ್ಷರಗಳ ಒಂದು ಚಿತ್ರ. ಗುಂಡನೆಯ ಮುದ್ರೆ, ನೋಟಿನ ಕಟ್ಟುಗಳು, ಕೈ ಮುಗಿದು ನಗುವ ಯಾರೋ ದೊಡ್ಡ ಮನುಷ್ಯ. ನಾನು ಕೂತಲ್ಲಿಂದ ಎದ್ದೇಬಿಟ್ಟೆ.

“ಮಾಸ್ತರ, ನಿಮ್ಮ ನಂಬರಿಗೆ ಲಾಟರಿ ಹತ್ತೇತ್ರಿ! ಇಪ್ಪತ್ತೈದು ಲಕ್ಷ!”

ನೀವು ತಲೆ ಎತ್ತಲಿಲ್ಲ. “ಚೀಟಿ ಯಾರ ತಗೊಂಡಾರ?”

“ಚೀಟಿ ಬ್ಯಾಡಂತ್ರಿ. ಮೊಬೈಲ್ ನಂಬರ ಆರಿಸಿ ತಗದಾರಂತ.”

“ತಗೊಳ್ಳದ ಚೀಟಿಗಿ ಬಹುಮಾನ ಹ್ಯಾಂಗ ಬರ್ತೈತಿ? ಇನ್ನೇನ ಬರದಾರ?”

“ಮೊದಲ ಎಂಟ ಸಾವಿರ ಫೀ ತುಂಬಬೇಕಂತ. ರೊಕ್ಕ ಕೈಗಿ ಬರೂತನಕ ಯಾರ ಮುಂದೂ ಹೇಳಬಾರದಂತ.”

ಆಗ ನಕ್ಕಿರಿ. ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ ದಾರ ಕೆಳಗೆ ಬಿತ್ತು. “ಕೊಡಾಂವ ಎಲ್ಲ್ಯಾರ ಮೊದಲ ಇಸ್ಕೊಂತಾನೇನು? ಒಳ್ಳೇ ಸುದ್ದಿ ಆಗಿದ್ರ ಮುಚ್ಚಿಡ್ರಿ ಅಂತ ಯಾಕ ಅಂತಿದ್ದ? ಅದನ್ನ ಅಳಿಸಿ ಒಗಿ. ಬಾ, ಈ ತೋಳಿಗೆ ಗುಂಡಿ ಹಚ್ಚು.”

ಅಷ್ಟೇ. ಅಕ್ಷರ ಓದಲು ಬಾರದ ನೀವು ಅದನ್ನು ಪೂರ್ತಿ ಓದಿಬಿಟ್ಟಿದ್ದಿರಿ. ಅಕ್ಷರ ಬಲ್ಲ ನಾನು ಗುಂಡಿ ಹಚ್ಚಿದೆ, ಹೂಂ ಎಂದೆ, ಮೆಸೇಜು ಅಳಿಸಲಿಲ್ಲ.

ಅದಾಗಿ ತಿಂಗಳೊಳಗೆ ನಿಮಗೆ ಮೆಟ್ಟಿಲು ಹತ್ತಲಾಗದಂತಾಯಿತು. ಅಂಗಡಿಯ ಆ ಮೂರು ಮೆಟ್ಟಿಲು, ಅದಕ್ಕೂ ಗೋಡೆ ಹಿಡಿದು ನಿಲ್ಲುತ್ತಿದ್ದಿರಿ. ವಿಜಯಪುರದ ದವಾಖಾನೆಗೆ ಸೇರಿಸಿದೆವು. ಡಾಕ್ಟರು ಆಪರೇಷನ್ ಎಂಬ ಮಾತು ತೆಗೆದಾಗ ನಿಮ್ಮ ಮನೆಯವರು, ಮಾಲನಬೀ ಚಾಚಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ತಿರುಗಿ ನಿಂತರು. ನನಗೆ ಆ ಬೆನ್ನು ನೋಡಲಾಗಲಿಲ್ಲ. ಸಿಂದಗಿಗೆ ತಿರುಗಿ ಬರುವ ಬಸ್ಸಿನಲ್ಲಿ ಕೂತು ಅಂಗಡಿಯ ಫೋನು ತೆಗೆದೆ. ಆ ಚಿತ್ರ ಅಲ್ಲೇ ಇತ್ತು. “ಲಾಟರಿ ಇನ್ನೂ ಐತೇನ್ರಿ?” ಎಂದು ಬರೆದು ಕಳಿಸಿದೆ. ಬಸ್ಸು ಇಳಿಯುವುದರೊಳಗೆ ಫೋನು ಬಂತು.

ನಿಮ್ಮ ಆಪರೇಷನ್ನಿಗಾಗಿ ಮಾಡಿದೆ ಎಂದು ಹೇಳಿ ಇಲ್ಲಿಗೆ ನಿಲ್ಲಿಸಿಬಿಡಬಹುದು. ಕೇಳಿದವರು ಪಾಪ ಎನ್ನುತ್ತಾರೆ. ಆದರೆ ನಿಮ್ಮ ಮುಂದೆ ಇನ್ನೂ ಎಷ್ಟು ಸುಳ್ಳು? ಆ ಬಸ್ಸಿನಲ್ಲೇ ನಾನು ಗಾಜಿನ ಬಾಗಿಲಿನ ಅಂಗಡಿಯನ್ನು ಕಂಡಿದ್ದೆ ಮಾಸ್ತರ. ನಾಲ್ಕು ಹೊಸ ಮಷಿನ್, ಮೇಲೆ ನನ್ನ ಹೆಸರಿನ ಬೋರ್ಡು, ಕೆಳಗೆ ಖುರ್ಚಿಯ ಮೇಲೆ ಗುಣವಾಗಿ ಕೂತ ನೀವು. ನಿಮ್ಮನ್ನು ಉಳಿಸಬೇಕೆಂಬ ಆಸೆಯೂ ಈ ಆಸೆಯೂ ಒಂದಕ್ಕೊಂದು ಸೇರಿಕೊಂಡಿದ್ದವು. ಯಾವುದು ಎಷ್ಟಿತ್ತು ಎಂದು ಈಗ ಬೇರೆ ಮಾಡಲು ಹೋದರೆ ಆಗುವುದಿಲ್ಲ...

ಫೋನಿನವನ ದನಿ ಎಷ್ಟು ಮೆತ್ತಗಿತ್ತು ಗೊತ್ತೇ? ನಮ್ಮ ಕಡೆಯ ಮಾತಲ್ಲ, ಬೆಂಗಳೂರು ಕಡೆಯವರ ಹಾಗೆ ಮಾತಾಡುತ್ತಿದ್ದ. ಹೆಸರು ವಿನೋದ್, ಲಾಟರಿಯ ದೊಡ್ಡ ಆಫೀಸಿನ ಅಧಿಕಾರಿ ಎಂದ. “ಅಕ್ಕ, ನಿಮ್ಮ ಮಾಸ್ತರಿಗೆ ಹುಷಾರಿಲ್ವಾ? ನಮ್ಮ ತಂದೆಗೂ ಹೀಗೇ ಆಗಿತ್ತು. ನೀವು ಅಳಬೇಡಿ, ನಾನಿದೀನಿ” ಎಂದ. ಆ ಹೊತ್ತಿಗೆ ನನಗೆ ಅಳಬೇಡ ಎಂದವನು ಅವನೊಬ್ಬನೇ. ತನ್ನ ಗುರುತಿನ ಚೀಟಿಯ ಫೋಟೊ ಕಳಿಸಿದ. ನಿಮ್ಮ ಹೆಸರು ಬರೆದ ಚೆಕ್ಕಿನ ಫೋಟೊ ಕಳಿಸಿದ. ‘ಲಾಲಸಾಬ’ ಎಂದು ನಿಮ್ಮ ಹೆಸರು ಅಷ್ಟು ದೊಡ್ಡ ಮೊತ್ತದ ಪಕ್ಕದಲ್ಲಿ ನೋಡಿ ಮತ್ತೆ ಮತ್ತೆ ಓದಿಕೊಂಡೆ. ಫೀ ತುಂಬಿದೆ.

ಮರುದಿನ ತೆರಿಗೆ ಎಂದ. ಕಿವಿಯ ಬೆಂಡೋಲೆ ಬಿಚ್ಚಿ ಒತ್ತೆ ಇಟ್ಟು ಅದನ್ನೂ ತುಂಬಿದೆ. ಬಹುಮಾನದಲ್ಲೇ ತೆರಿಗೆ ಹಿಡಿದುಕೊಂಡು ಉಳಿದದ್ದು ಕೊಡ್ರಿ ಎಂದು ಒಮ್ಮೆ ಕೇಳಿದೆ. “ಕಾನೂನು ಹಾಗಿಲ್ಲ ಅಕ್ಕ” ಎಂದ. ಮೂರನೆಯ ದಿನ ನನ್ನ ಬ್ಯಾಂಕ್ ಕಾರ್ಡಿನ ನಂಬರು ಕೇಳಿ ಬರೆದುಕೊಂಡ. ಕೂಡಲೇ ನನ್ನ ಫೋನಿಗೆ ಆರು ಅಂಕಿ ಬಂದವು, ಅದನ್ನು ಓದಿ ಹೇಳಿ ಎಂದ. ಯಾರಿಗೂ ಹೇಳಬೇಡಿ ಎಂದು ಆ ಅಂಕಿಗಳ ಕೆಳಗೇ ಬರೆದಿತ್ತು. ಓದಿ ಹೇಳುವುದೇ ನನ್ನ ಕೆಲಸವಲ್ಲವೇ, ಓದಿ ಹೇಳಿದೆ. ಎರಡು ನಿಮಿಷದಲ್ಲಿ ನನ್ನ ಖಾತೆ ಬರಿದಾಯಿತು. ಕೂಗಾಡಿದೆ. ಅವನು ಸಾವಕಾಶ ಹೇಳಿದ: “ಅದು ಡಿಪಾಸಿಟ್ಟು, ಬಹುಮಾನದ ಜೊತೆ ವಾಪಸ್ ಬರುತ್ತೆ. ಈಗ ನಿಲ್ಲಿಸಿದ್ರೆ ಹೋಗಿದ್ದೆಲ್ಲ ಹೋಗುತ್ತೆ.”

ಅಲ್ಲಿಗೆ ನಾನು ಆಸೆಯಿಂದಲ್ಲ, ಅಂಜಿಕೆಯಿಂದ ನಡೆಯತೊಡಗಿದೆ. ನಿಲ್ಲಿಸಿದರೆ ಹೋದದ್ದು ಹೋದ ಹಾಗೆ; ಇನ್ನೊಂದು ಹೆಜ್ಜೆ ಇಟ್ಟರೆ ಏನೋ... ಬಾವಿಗೆ ಬಿದ್ದ ಕೊಡ ತೆಗೆಯಲು ಹೋಗಿ ಹಗ್ಗವನ್ನೂ ಕೈಬಿಟ್ಟವಳ ಸ್ಥಿತಿ. ಯಾರನ್ನಾದರೂ ಕೇಳಬಹುದಿತ್ತು. ನಮ್ಮ ಮನೆಯವರು ಆಲಮಟ್ಟಿಯಲ್ಲಿ ಕಾಲುವೆ ಕೆಲಸಕ್ಕಿರುವವರು, ವಾರಕ್ಕೊಮ್ಮೆ ಬರುತ್ತಾರೆ. ಬಂದಾಗ ಕಿವಿ ನೋಡಿ, “ಬೆಂಡ್ವಾಲಿ ಎಲ್ಲಿ?” ಎಂದರು. ಕೊಂಡಿ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೇನೆ ಎಂದೆ. ಒಂದು ಸುಳ್ಳು ಹೇಳಿದ ಮೇಲೆ ಎರಡನೆಯದು ಎಷ್ಟು ಹಗುರಾಗಿ ಬರುತ್ತದೆ!

ಕೊನೆಗೆ ಅವನು ದನಿ ಬದಲಿಸಿದ. “ಇನ್ನೊಂದೇ ಕಂತು ಉಳಿದಿದೆ. ಇವತ್ತು ಸಂಜೆಯೊಳಗೆ ತುಂಬಲಿಲ್ಲ ಅಂದ್ರೆ ಲಾಲಸಾಬ ಅವರ ಮೇಲೆ ಕೇಸು ಆಗುತ್ತೆ. ಸರ್ಕಾರಕ್ಕೆ ಮೋಸ. ಆಸ್ಪತ್ರೆಗೇ ಪೊಲೀಸರು ಬರ್ತಾರೆ.” ಆಕ್ಸಿಜನ್ ಹಚ್ಚಿಕೊಂಡು ಮಲಗಿದ ನಿಮ್ಮ ಮಂಚದ ಸುತ್ತ ಪೊಲೀಸರು ನಿಂತದ್ದು ನನ್ನ ಕಣ್ಣಿಗೆ ಕಟ್ಟಿತು. ಹಳೆಯ ಮಷಿನ್ ಕೊಳ್ಳುವವನೊಬ್ಬ ಇಂಡಿಯಲ್ಲಿದ್ದ. ಒಮ್ಮೆ ನಮ್ಮ ಅಂಗಡಿಗೆ ಬಂದು ನಿಮ್ಮಿಂದ ಬೈಸಿಕೊಂಡು ಹೋದನಲ್ಲ, ಅವನೇ. ಅವನಿಗೆ ಫೋನು ಮಾಡಿದೆ. ಮಧ್ಯಾಹ್ನಕ್ಕೆ ಟೆಂಪೊ ತಂದ. “ಮಾಸ್ತರ ಒಪ್ಪ್ಯಾರೇನವಾ?” ಎಂದು ಕೇಳಿದ. “ಅವರ ಹೇಳ್ಯಾರ” ಎಂದೆ. ಎತ್ತುವಾಗ ಮುಸುಕಿನ ಬಟ್ಟೆ ಜಾರಿ ಬಿತ್ತು. ಮಷಿನ್ ಇದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು, ನಡುವೆ ಎಣ್ಣೆ ಕುಡಿದು ಕಪ್ಪಾದ ನೆಲ. ಸಂಜೆಯೊಳಗೆ ಆ ಹಣವೂ ಹೋಯಿತು. ‘ನಾಳೆ ನಿಮ್ಮ ಖಾತೆಗೆ ಜಮಾ’ ಎಂಬ ಮೆಸೇಜು ಬಂತು, ಜೊತೆಗೆ ಎರಡು ಹೂವಿನ ಚಿತ್ರ.

ಆ ನಾಳೆ ನಾನು ನಿಮ್ಮ ಮಂಚದ ಬಳಿ ಇದ್ದೆ. ಚಾಚಿ ಚಹಾ ತರಲು ಕೆಳಗಿಳಿದಿದ್ದರು. ನೀವು ಮೂಗಿನ ಮೇಲಿನ ಮಾಸ್ಕನ್ನು ಬೆರಳಿನಿಂದ ಸರಿಸಿ ನನ್ನ ಕಡೆ ಹೊರಳಿದಿರಿ.

“ಮಷಿನ್ನಿಗಿ ಎಣ್ಣಿ ಹಾಕೀಯೇನು?”

ನಾನು ನಿಮ್ಮ ಹೊದಿಕೆಯನ್ನು ಸರಿ ಮಾಡಿದೆ. “ಹಾಕೇನ್ರಿ.”

“ಸೂಜಿ ಕಳಚಿ ಇಟ್ಟೀಯೇನು? ಜಂಗ ಹಿಡಿತೈತಿ.”

“ಇಟ್ಟೇನ್ರಿ.”

“ಚೊಲೋ ಮಾಡೀದಿ. ನನ್ನ ಕಾಲ ಇನ್ನ ಅದನ್ನ ತುಳಿಯಂಗಿಲ್ಲ. ಅದು ನಿಂದ, ಮಹಾದೇವಿ. ಚಾಚಿಗೂ ಹೇಳೇನಿ.”

ಮಾಸ್ತರ, ಆಗಲೇ ನೆಲ ಬಿರಿದು ನನ್ನನ್ನು ನುಂಗಬಾರದಿತ್ತೇ? ನನ್ನದು ಎಂದು ನೀವು ಕೊಟ್ಟ ಗಳಿಗೆಯಲ್ಲಿ ಅದನ್ನು ನಾನು ಮಾರಿ ಒಂದು ದಿನವಾಗಿತ್ತು. ಬಾಯಿ ತೆರೆದೆ. ಈಗ ಹೇಳಿಬಿಡುತ್ತೇನೆ ಎಂದೇ ತೆರೆದೆ. ಚಾಚಿ ಚಹಾ ಹಿಡಿದು ಬಂದರು. ನೀವು ಮಾಸ್ಕ್ ಹಾಕಿಕೊಂಡು ಕಣ್ಣು ಮುಚ್ಚಿದಿರಿ. ನಾನು ಚಹಾ ಕುಡಿದೆ. ಹೌದು, ಕೂತು ಪೂರ್ತಿ ಕುಡಿದೆ. ಎರಡು ದಿನದ ಮೇಲೆ ನೀವು ಹೋದಿರಿ.

ನಿಮ್ಮನ್ನು ಮಣ್ಣು ಮಾಡಿದ ಮಾರನೆಯ ದಿನ ಚಾಚಿ ಒಂದು ಮಾತು ಹೇಳಿದರು. ಆಪರೇಷನ್ನಿಗೆ ನಿಮ್ಮ ಎದೆ ತಾಳುವುದಿಲ್ಲ ಎಂದು ಡಾಕ್ಟರು ಮೊದಲ ವಾರವೇ ಅವರಿಗೆ ತಿಳಿಸಿದ್ದರಂತೆ. ಮಾಡುವುದಾಗಿದ್ದರೂ ಸರ್ಕಾರದ ಕಾರ್ಡಿನಲ್ಲೇ ಆಗುತ್ತಿತ್ತಂತೆ. ನಾನು ಒಮ್ಮೆ ಕೇಳಿದ್ದರೆ, “ಚಾಚಿ, ರೊಕ್ಕ ಎಷ್ಟ ಬೇಕಾಗ್ತೈತಿ?” ಎಂದು ಇಷ್ಟೇ ಕೇಳಿದ್ದರೆ... ಆದರೆ ಯಾರಿಗೂ ಹೇಳಬಾರದು ಎಂದು ಅವನು ಕಟ್ಟಿಹಾಕಿದ್ದ. ಗುಟ್ಟು ಕಾಯುವ ಭರದಲ್ಲಿ ನಾನು ಕೇಳುವುದನ್ನೂ ಬಿಟ್ಟಿದ್ದೆ. ಅವನಿಗೆ ಬೇಕಾಗಿದ್ದದ್ದು ಅದೇ ಎಂದು ಈಗ ತಿಳಿಯುತ್ತದೆ.

ನೀವು ಹೋದ ಮೂರನೆಯ ದಿನ, ಜಿಯಾರತ್ತಿನ ಮುಂಜಾನೆ, ನಿಮ್ಮ ಮನೆಯ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅಂಗಡಿಯ ಫೋನು ಬಡಿಯಿತು. ಅವನೇ. ಯಾಕೋ ಎತ್ತಿದೆ.

“ಮಾಸ್ತರ ತೀರಿಕೊಂಡ್ರು” ಎಂದೆ.

ಅದೇ ಮೆತ್ತನೆಯ ದನಿಯಲ್ಲಿ, “ಅಯ್ಯೋ, ದೇವರು ಅವರಿಗೆ ಶಾಂತಿ ಕೊಡಲಿ ಅಕ್ಕ. ಹಾಗಾದ್ರೆ ಬಹುಮಾನ ನಿಮ್ಮ ಹೆಸರಿಗೆ ಮಾಡಿಸೋಣ. ಹೆಸರು ಬದಲಾವಣೆಗೆ ಸಣ್ಣದೊಂದು ಫೀ ಇರುತ್ತೆ” ಎಂದ.

ಬೂದಿ ಮೆತ್ತಿದ ಕೈಯಲ್ಲಿ ಫೋನು ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದೆ. ಅಷ್ಟು ದಿನ ಒಳಗೆ ಎಲ್ಲೋ ಒಂದು ಮೂಲೆಯಲ್ಲಿ, ಇದು ನಿಜವಿದ್ದೀತು ಎಂದು ಹಿಡಿದುಕೊಂಡಿದ್ದೆ ಮಾಸ್ತರ. ಆ ಒಂದು ಮಾತಿಗೆ ಅದು ಕೈಬಿಟ್ಟು ಹೋಯಿತು. ನಿಮ್ಮ ಸಾವಿಗೂ ಅವನು ಫೀ ಕೇಳಿದ.

ಪೊಲೀಸ್ ಠಾಣೆಗೆ ಹೋದದ್ದು ಅದಾದ ನಾಲ್ಕು ದಿನಕ್ಕೆ, ಅದೂ ಎರಡು ಸಲ ಬಾಗಿಲ ತನಕ ಹೋಗಿ ತಿರುಗಿ ಬಂದ ಮೇಲೆ. ಒಳಗಿದ್ದ ಹೆಣ್ಣು ಪೊಲೀಸಮ್ಮ ನನ್ನ ಕೈಯಲ್ಲೇ ಒಂದು ಜಂಪರ್ ಹೊಲಿಸಿದವರು. ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಫೋನು ತೆಗೆದುಕೊಂಡು ಬೆರಳಿಟ್ಟು ತೋರಿಸಿದರು: “ಇಲ್ಲಿ ನೋಡು, ಈ ನಂಬರಿನ ಮೊದಲಿನ ಅಂಕಿ ನಮ್ಮ ದೇಶದ್ದ ಅಲ್ಲ. ಈ ಚೆಕ್ಕ ನೋಡು, ಉಳಿದ ಅಕ್ಷರ ಒಂದ ನಮೂನಿ ಅದಾವ, ನಿಮ್ಮ ಮಾಸ್ತರ ಹೆಸರಿನ ಅಕ್ಷರ ಇನ್ನೊಂದ ನಮೂನಿ. ಮ್ಯಾಲೆ ತಂದ ಅಂಟಿಸ್ಯಾರ.” ಒಂದು ಹೊಲಿಗೆ ಜಾರಿದರೆ ದೂರದಿಂದಲೇ ಹೇಳುವವಳು ನಾನು. ಆ ಅಕ್ಷರಗಳನ್ನು ನೂರು ಸಲ ನೋಡಿದ್ದೆ. ಕಾಣಲೇ ಇಲ್ಲ! “ರೊಕ್ಕ ಹ್ವಾದ ಗಳಿಗಿಗೇ ಓಡಿ ಬಂದಿದ್ರ ಬ್ಯಾಂಕಿನಾಗ ತಡದು ನೋಡಬಹುದಿತ್ತು. ಈಗ ಬರಕೋತೇನಿ. ಆದ್ರ ಆಸೆ ಇಟ್ಕೋಬ್ಯಾಡವಾ” ಎಂದರು. ಪಕ್ಕದ ಬೆಂಚಿನಲ್ಲಿ ಬಿಳಿ ಅಂಗಿಯ ನಿವೃತ್ತ ಹೆಡ್ ಮಾಸ್ತರರೊಬ್ಬರು ಕೂತಿದ್ದರು. ಅವರಿಗೆ ಲಾಟರಿಯಲ್ಲಿ ಕಾರು ಬಂದಿದೆ ಎಂದು ಫೋನು ಬಂದಿತ್ತಂತೆ. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದರು.

ನಮ್ಮ ಮನೆಯವರಿಗೆ ಆ ಭಾನುವಾರ ಹೇಳಿದೆ. ಅವರು “ಒಂದ ಫೋನ್ ಮಾಡಿ ನನ್ನ ಕೇಳಿದ್ರ ಏನಾಗ್ತಿತ್ತು?” ಎಂದರು.

ಎರಡು ತಿಂಗಳ ಮೇಲೆ ಮಷಿನ್ ಹುಡುಕಿಕೊಂಡು ಇಂಡಿಗೆ ಹೋದೆ. ಕೊಂಡವನು ಅದನ್ನು ಮುದ್ದೇಬಿಹಾಳದ ಗುಜರಿಯವನಿಗೆ ಕೊಟ್ಟಾಗಿತ್ತು. ಮರುವಾರ ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳಕ್ಕೆ ಹೋದೆ. ಗುಜರಿಯವನಿಗೆ ನೆನಪಿತ್ತು. ತಲೆಯ ಭಾಗ ಕಬ್ಬಿಣದ ತೂಕಕ್ಕೆ ಹೋಯಿತು, ಕಾಲಿನ ಭಾಗ ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದ ಅಂಗಡಿಯವನು ಒಯ್ದ ಎಂದ. ಹೋಗಿ ನೋಡಿದೆ. ಮೇಲೆ ಕಲ್ಲಿನ ಹಲಗೆ ಕೂಡಿಸಿ ಮೇಜು ಮಾಡಿದ್ದಾರೆ ಮಾಸ್ತರ. ಇಬ್ಬರು ಭಜಿ ತಿನ್ನುತ್ತಿದ್ದರು. ಅವರು ಎದ್ದ ಮೇಲೆ ಕೂತೆ. ಕೆಳಗೆ ಬಗ್ಗಿದರೆ ಬೇವಿನೆಲೆಯ ಪಟ್ಟಿ. ಚಪ್ಪಲಿ ಬಿಟ್ಟು ಪಾದ ಇಟ್ಟೆ. ಹಲಗೆ ಹಿಂದೆ ಮುಂದೆ ಆಡಿತು. ಗಾಲಿ ಇಲ್ಲ, ಬೆಲ್ಟು ಇಲ್ಲ, ಸುಮ್ಮನೆ ಆಡಿತು. ತುಳಿಯುತ್ತಾ ಕೂತೆ. “ಏನವ್ವಾ, ಚಾ ಆರಾಕತ್ತೈತಿ” ಎಂದ ಅಂಗಡಿಯವನು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಬಂದೆ. ಅದನ್ನು ಕೇಳಿ ತರಲಾಗಲಿಲ್ಲ. ತಂದು ಯಾವುದಕ್ಕೆ ಜೋಡಿಸಲಿ?

ಅಲ್ಲಿಂದ ಬಂದವಳೇ ನಿಮ್ಮ ಮನೆಗೆ ಹೋದೆ. ಚಾಚಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಲಾಟರಿ, ಮಷಿನ್, ಎಣ್ಣೆ, ಎಲ್ಲ. ಅವರ ಕೈ ನಿಲ್ಲಲಿಲ್ಲ.

“ಮಷಿನ್ ಇಲ್ಲಾ ಅಂತ ನನಗ ಗೊತ್ತೈತಿ” ಎಂದರು. “ಅವರ ಹ್ವಾದ ಮ್ಯಾಲ ಒಂದಿನ ಅಂಗಡಿ ಕಸಾ ಹೊಡೀಬೇಕಂತ ಬಂದಿದ್ದೆ. ನೀ ಊಟಕ್ಕ ಹೋಗಿದ್ದಿ. ನೆಲಾ ನೋಡಿದೆ.”

“ಮತ್ತ ಯಾಕ ಕೇಳಲಿಲ್ಲ ಚಾಚಿ?”

“ನೀ ಹೇಳ್ತಿ ಅಂತ ಕಾಯ್ಕೋತ ಕುಂತಿದ್ದೆ. ಮೂರ ತಿಂಗಳಾತು.”

ನಾನು ಅವರ ಕಾಲಿಗೆ ಬಿದ್ದೆ. ಎತ್ತಲಿಲ್ಲ. ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. “ನನಗ ಸಿಟ್ಟ ಐತಿ. ಇಲ್ಲಾ ಅನ್ನಂಗಿಲ್ಲ. ಅದು ಯಾವಾಗ ಹೋಗ್ತೈತೋ ಗೊತ್ತಿಲ್ಲ. ಆದ್ರ ನೀ ಬರೂದ ಬಿಡಬ್ಯಾಡ. ಇನ್ಯಾರ ಬರ್ತಾರ ನನ್ನ ಕಡಿ?” ಎಂದರು. ಆಮೇಲೆ ಮೊರವನ್ನು ನನ್ನ ಕಡೆ ಸರಿಸಿದರು. ನಾನೂ ಕೂತು ಕಲ್ಲು ಆರಿಸಿದೆ. ದಿನಾ ಹೋಗುತ್ತೇನೆ ಮಾಸ್ತರ. ಅವರು ದಿನಾ ಚಹಾ ಕೊಡುತ್ತಾರೆ. ಮೊದಲಿನಂತೆ ನನ್ನ ಹೆಸರು ಹಿಡಿದು ಮಾತ್ರ ಕರೆಯುವುದಿಲ್ಲ.

ಈಗ ಇವತ್ತಿನ ಸಂಗತಿ. ಮುಂಜಾನೆ ಕನ್ನೊಳ್ಳಿಯ ಶಾಂತವ್ವ ಎಂಬುವರು ಮಗಳ ಸೀಮಂತಕ್ಕೆ ಜಂಪರ್ ಹೊಲಿಸಲು ಬಟ್ಟೆ ತಂದಿದ್ದರು. ಅಳತೆ ಕೊಡುವಾಗಲೂ ಫೋನನ್ನು ಕೈಯಿಂದ ಬಿಡುತ್ತಿರಲಿಲ್ಲ. ಹೊರಡುವ ಮುಂಚೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, “ಅಕ್ಕಾರ, ಇದನ್ನೊಂದೀಟ ಓದಿ ಹೇಳ್ರಿ. ಯಾರ ಮುಂದೂ ಅನಬ್ಯಾಡ್ರಿ ಮತ್ತ” ಎಂದರು. ಅದೇ ಬಂಗಾರದ ಅಕ್ಷರ. ಅದೇ ಮುದ್ರೆ.

“ಇದ ಸುಳ್ಳ ಐತ್ರಿ. ಪೂರಾ ಸುಳ್ಳು. ಒಂದ ರೂಪಾಯಿ ಸೈತ ಕೊಡಬ್ಯಾಡ್ರಿ.”

“ನಿಮಗ ಹ್ಯಾಂಗ ಗೊತ್ತು? ಆ ಸಾಹೇಬ ಎಷ್ಟ ಚೊಲೋ ಮಾತಾಡಿದ. ಕೇಳಿದೋರೆಲ್ಲಾ ಸುಳ್ಳ ಅಂತಾರ, ಹೊಟ್ಟಿಕಿಚ್ಚ ಪಡ್ತಾರ ಅಂತ ಮೊದಲ ಹೇಳ್ಯಾನ” ಎಂದು ಫೋನು ಕಸಿದುಕೊಂಡರು. ಬಟ್ಟೆಯನ್ನೂ ತೆಗೆದುಕೊಂಡು ಸರಸರ ನಡೆದುಬಿಟ್ಟರು.

ನಾನು ಕತ್ತರಿ ಕೆಳಗಿಟ್ಟು ನಿಂತೆ. ಹೋಗಲಿ, ಹೇಳುವುದು ಹೇಳಿದೆ ಎಂದುಕೊಂಡೆ. ಆಗಲಿಲ್ಲ ಮಾಸ್ತರ. ಬಾಗಿಲು ಎಳೆದು ಬಸ್ ಸ್ಟ್ಯಾಂಡಿಗೆ ಓಡಿದೆ. ಕೊರಳಲ್ಲಿ ಟೇಪು ಹಾಗೇ ಜೋತಾಡುತ್ತಿತ್ತು. ಕನ್ನೊಳ್ಳಿ ಕಡೆಯ ಬಸ್ಸು ಹೊರಟಿತ್ತು, ಕಂಡಕ್ಟರ್ ಬೈಯುತ್ತಲೇ ಹತ್ತಿಸಿಕೊಂಡ. ಶಾಂತವ್ವನ ಪಕ್ಕದಲ್ಲಿ ಕೂತೆ. ಅವರು ಕಿಟಕಿಯ ಕಡೆ ತಿರುಗಿದರು. ನಾನು ಸುಳ್ಳು, ಮೋಸ ಎನ್ನಲಿಲ್ಲ. “ನನಗ ಒಬ್ಬರ ಮಾಸ್ತರ ಇದ್ರು” ಎಂದು ಶುರು ಮಾಡಿದೆ.

ಎಲ್ಲ ಹೇಳಿದೆ. ಗಾಜಿನ ಬಾಗಿಲ ಆಸೆಯನ್ನೂ ಬಿಡಲಿಲ್ಲ. ಮುಂದಿನ ಸೀಟಿನವರು ಹಿಂದಕ್ಕೆ ತಿರುಗಿ ನೋಡಿದರು, ನೋಡಲಿ. ನಿಮ್ಮ ಮಂಚದ ಮಾತಿಗೆ ಬಂದಾಗ ಅಳುತ್ತಲೇ ಹೇಳಿದೆ. ಅಷ್ಟರಲ್ಲಿ ಶಾಂತವ್ವನ ಕೈಯಲ್ಲಿದ್ದ ಫೋನು ಬಡಿಯತೊಡಗಿತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಎತ್ತಲಿಲ್ಲ. ಬಡಿದು ಬಡಿದು ನಿಂತಿತು. ಮತ್ತೆ ಬಡಿಯಿತು. ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಚೀಲದ ಬಾಯಿ ಗಂಟು ಕಟ್ಟಿ, “ಮುಂದ ಹೇಳ್ರಿ” ಎಂದರು.

ಕನ್ನೊಳ್ಳಿಯಲ್ಲಿ ಇಬ್ಬರೂ ಇಳಿದೆವು. ಬಟ್ಟೆಯನ್ನು ತಿರುಗಿ ನನ್ನ ಕೈಗೆ ಕೊಟ್ಟರು. “ನಮ್ಮ ಓಣ್ಯಾಗ ಇನ್ನಿಬ್ಬರಿಗಿ ಈ ಫೋನ್ ಬಂದೈತಿ. ಒಬ್ಬಾಕಿ ನಾಳಿ ರೊಕ್ಕ ತುಂಬಾಕಿ ಅದಾಳ. ಇವತ್ತ ನಾ ಹೋಗಿ ತಡೀತೇನಿ. ಆದ್ರ ನನ್ನ ಮಾತ ಎಷ್ಟ ದಿನ ಕೇಳ್ತಾರ? ಐತವಾರ ನೀವ ಬಂದ ಎಲ್ಲಾರ ಮುಂದ ಹೇಳ್ತೀರೇನು, ಈಗ ಹೇಳಿದಂಗ?”

“ಬರ್ತೇನ್ರಿ.”

ಎರಡು ಹೆಜ್ಜೆ ಹೋದವರು ನಿಂತರು. “ನಿಮ್ಮ ಮಾಸ್ತರಿಗಿ ಹೇಳೀರೇನು?”

“ಅವರ ಹೋಗ್ಯಾರಲ್ರಿ.”

“ಹೋದ್ರೇನಾತು? ನಾ ಯಾರ ನಿಮಗ? ನನ್ನ ಮುಂದ ಅತ್ತಗೋತ ಹೇಳೀರಿ. ಅವರಿಗಿ ಹೇಳಲಿಲ್ಲಂದ್ರ ಹ್ಯಾಂಗ?”

ಸಿಂದಗಿಗೆ ಬಂದವಳು ಅಂಗಡಿಯ ಬಾಗಿಲು ತೆಗೆದು, ಅಳತೆ ಬರೆಯುವ ಪುಸ್ತಕದ ಹಾಳೆ ಹರಿದು ಇದನ್ನು ಬರೆಯಲು ಕೂತಿದ್ದೇನೆ. ನೀವು ಕ್ಷಮಿಸುತ್ತೀರೋ ಇಲ್ಲವೋ ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಗೊತ್ತಾಗದೇ ಬದುಕಬೇಕು, ಅಷ್ಟೇ. ಆದರೆ ಇನ್ನು ಮೇಲೆ ಮುಚ್ಚಿಡುವುದಿಲ್ಲ ಮಾಸ್ತರ. ಕೇಳಿದವರಿಗೂ ಹೇಳುತ್ತೇನೆ, ಕೇಳದವರ ಬೆನ್ನು ಹತ್ತಿಯೂ ಹೇಳುತ್ತೇನೆ.

ಭಾನುವಾರ ಮುಂಜಾನೆ ಹತ್ತರ ಬಸ್ಸಿಗೆ ಹೊರಡುತ್ತೇನೆ. ಬರುತ್ತೇನೆ ಎಂದು ಹೇಳಿ ಬಂದರೂ ಒಬ್ಬಳೇ ಹೋಗುವ ಧೈರ್ಯ ಇರಲಿಲ್ಲ. ಬರೆಯುವುದನ್ನು ನಡುವೆ ನಿಲ್ಲಿಸಿ ಚಾಚಿಗೆ ತಿಳಿಸಲು ಹೋಗಿದ್ದೆ. ಕೇಳಿ, ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ನಾನು ಮೆಟ್ಟಿಲು ಇಳಿಯುವಾಗ ಒಳಗಿನಿಂದ ದನಿ ಬಂತು:

“ಮಹಾದೇವಿ, ನಾನೂ ಬರ್ತೇನಿ. ಕಿಟಕಿ ಕಡಿ ಸೀಟ ಹಿಡಿ.”

ನಿಮ್ಮ,
ಮಹಾದೇವಿ